ಅಂದಿನವರೋ ಇಂದಿನವರೋ

ನಮ್ಮ ವಾಚನಾಲಯದಲ್ಲಿ ಪೇಪರು ಓದುವ ಉದ್ದ ಮೇಜಿನ ಒಂದು ತುದಿಯನ್ನು ಚೆಸ್ಸಿನವರಿಗೆ ಬಿಟ್ಟುಕೊಟ್ಟಿದ್ದೇವೆ. ಮರದ ಕಾಯಿಗಳು, ಹಳೇ ಬೋರ್ಡು. ಕರಿ ಬಣ್ಣದ ಒಂದು ಆನೆ ಎಷ್ಟೋ ವರ್ಷಗಳ ಹಿಂದೆ ಕಾಣೆಯಾಗಿದೆ. ಆ ಜಾಗದಲ್ಲಿ ಒಂದು ಗೋಟಡಿಕೆ ಇಟ್ಟು ಆಡುವುದು ರೂಢಿ. ಹೊಸಬರು ಬಂದರೆ ಮೊದಲು "ಇದು ಆನೆ" ಎಂದು ಹೇಳಿಕೊಡಬೇಕು. ಹೊಸ ಸೆಟ್ಟು ತರಿಸಬೇಕೆಂದು ಪ್ರತಿ ಮಹಾಸಭೆಯಲ್ಲಿಯೂ ತೀರ್ಮಾನ ಆಗುತ್ತದೆ. ಇಷ್ಟರವರೆಗೆ ಬದಲಾದದ್ದು ಅಡಿಕೆ ಮಾತ್ರ.

ಆ ತುದಿಯಲ್ಲಿ ಸುಮಾರು ನಲವತ್ತು ವರ್ಷಗಳಿಂದ ಕುಳಿತುಕೊಳ್ಳುವವರು ನಮ್ಮ ಪೋಸ್ಟಣ್ಣ. ಅಂಚೆ ಹಂಚುವ ಕೆಲಸದಿಂದ ನಿವೃತ್ತರಾಗಿ ಕಾಲವಾಯಿತು, ಹೆಸರು ಮಾತ್ರ ಹಾಗೇ ಉಳಿದಿದೆ. ಅವರಿಗೆ ಆಟ ಕಲಿಸಿದ್ದು ಸೋದರಮಾವ. ಆ ಮಾವನ ಆಟದಲ್ಲಿ ರಾಣಿ ಇಲ್ಲ, ಮಂತ್ರಿ. ಕಾಲಾಳು ಮೊದಲ ಸಲವೂ ಒಂದೇ ಮನೆ ಮುಂದೆ ಹೋಗುವುದು. ಪೇಪರಿನಲ್ಲಿ ಬರುವ ಆಟದ ನಿಯಮ ಬೇರೆ ಎಂದು ಪೋಸ್ಟಣ್ಣನಿಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಮತ್ತೆ ಒಂದು ಹರಕು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಅದರಲ್ಲಿದ್ದ ಆಟಗಳನ್ನು ಒಬ್ಬರೇ ಕೂತು ಎರಡೂ ಕಡೆಯಿಂದ ಆಡಿ ಆಡಿ ಕಲಿತವರು. ಈ ಸುತ್ತಿನಲ್ಲಿ ಅವರನ್ನು ಸೋಲಿಸಿದವರು ಬೆರಳೆಣಿಕೆಯವರು. ನಾನಂತೂ ಅವರಲ್ಲಿ ಇಲ್ಲ.

ಕಳೆದ ಮಳೆಗಾಲದಲ್ಲಿ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಬಂದು ಅವರನ್ನು ಇಪ್ಪತ್ತಮೂರು ನಡೆಯಲ್ಲಿ ಸೋಲಿಸಿದ. ಫೋನಿನಲ್ಲೇ ಕಲಿತವನು. ಒರಟ ಅಲ್ಲ, ಒಳ್ಳೆಯ ಹುಡುಗ. ಆಟ ಮುಗಿದ ಮೇಲೆ ಬಹಳ ಸಹಜವಾಗಿ ಹೇಳಿದ: "ಪೋಸ್ಟಜ್ಜಾ, ಆ ಒಂಟೆ ಅಲ್ಲಿಗೆ ಹೋಗ್ಲಿಕ್ಕಿಲ್ಲ. ಅದು ತಪ್ಪು ಅಂತ ಈಗ ಎಲ್ಲರಿಗೂ ಗೊತ್ತುಂಟಲ್ಲ." ಮೇಜಿನ ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ.

ಆಗ ಪೇಪರು ಓದುತ್ತಿದ್ದವರೊಬ್ಬರು ಕನ್ನಡಕ ಇಳಿಸಿ ಕೇಳಿದರು, "ಹಾಗಾದ್ರೆ ನಿನ್ನ ಲೆಕ್ಕದಲ್ಲಿ ಲೋಕದಲ್ಲೇ ದೊಡ್ಡ ಆಟಗಾರ ಯಾರು ಮಾರಾಯ?" ಹುಡುಗ ಯೋಚಿಸಲೇ ಇಲ್ಲ. "ಕಾರ್ಲ್‌ಸನ್. 2882. ಅಷ್ಟು ರೇಟಿಂಗ್ ಯಾರಿಗೂ ಬಂದದ್ದೇ ಇಲ್ಲ." ಕನ್ನಡಕದವರು ಫಿಷರ್ ಎಂದರು. ನಾನು ಕಾಪಾಬ್ಲಾಂಕಾ ಎಂದೆ. ಪೋಸ್ಟಣ್ಣ ಮಾತಾಡದೆ ಕಾಯಿ ಜೋಡಿಸುತ್ತಿದ್ದರು. ಅವತ್ತಿನ ಆ ಚರ್ಚೆ ನನ್ನ ತಲೆಯಿಂದ ಇನ್ನೂ ಇಳಿದಿಲ್ಲ. ಈ ಸಂಕಲನಕ್ಕೆ ಏನಾದರೂ ಬರೆದುಕೊಡಿ ಎಂದಾಗ ಅದನ್ನೇ ಬರೆಯುವ ಎಂದು ಹೊರಟಿದ್ದೇನೆ.

ಮೊದಲು ಆ ಸಂಖ್ಯೆಯ ವಿಷಯ. ರೇಟಿಂಗಿನ ಲೆಕ್ಕ ಹಾಕಿಕೊಟ್ಟವರು ಆರ್ಪಾಡ್ ಎಲೋ, ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಪಾಠ ಮಾಡಿದವರು. ಅಂತಾರಾಷ್ಟ್ರೀಯ ಚೆಸ್ ಒಕ್ಕೂಟ ಅದನ್ನು 1970ರಲ್ಲಿ ಒಪ್ಪಿಕೊಂಡಿತು. ಅದರ ಒಳಗಿನ ಮಾತು ಇಷ್ಟೇ: ನಿನ್ನ ರೇಟಿಂಗ್ ಎದುರಾಳಿಗಿಂತ 200 ಹೆಚ್ಚಿದ್ದರೆ, ನೂರು ಆಟದಲ್ಲಿ ಸುಮಾರು ಎಪ್ಪತ್ತಾರು ಪಾಯಿಂಟು ನಿನಗೆ ಸಿಗಬೇಕು. ಸಿಗದಿದ್ದರೆ ನಿನ್ನದು ಇಳಿಯುತ್ತದೆ, ಅವನದು ಏರುತ್ತದೆ. ಅಂದರೆ ಇದು ಒಂದೇ ಕಾಲದಲ್ಲಿ ಒಬ್ಬರ ಎದುರು ಒಬ್ಬರು ಕುಳಿತವರ ನಡುವಿನ ಲೆಕ್ಕ. ನಮ್ಮ ಕಡೆ ಹಿಂದೆ ಸೇರಿನಿಂದ ಅಕ್ಕಿ ಅಳೆಯುತ್ತಿದ್ದರು. ಒಂದು ಮನೆಯ ಸೇರಿಗೂ ಇನ್ನೊಂದು ಮನೆಯ ಸೇರಿಗೂ ವ್ಯತ್ಯಾಸ ಇರುತ್ತಿತ್ತು. ಸಾಲ ತಂದವರು ಅದೇ ಸೇರಿನಿಂದ ಹಿಂದೆ ಅಳೆದು ಕೊಟ್ಟರೆ ತಕರಾರು ಬರುತ್ತಿರಲಿಲ್ಲ. ಮ್ಯಾಗ್ನಸ್ ಕಾರ್ಲ್‌ಸನ್‌ಗೆ 2014ರಲ್ಲಿ 2882, ಬಾಬಿ ಫಿಷರ್‌ಗೆ 1972ರಲ್ಲಿ 2785. ಎರಡೂ ಸಂಖ್ಯೆಯೇ, ಆದರೆ ಅಳೆದ ಸೇರು ಒಂದೇ ಅಲ್ಲ. ಫಿಷರ್‌ಗೆ 2785 ಇದ್ದಾಗ ಅವರ ಬೆನ್ನಿಗೆ ಇದ್ದ ಸ್ಪಾಸ್ಕಿಯದ್ದು 2660. ನಡುವೆ 125ರ ಅಂತರ. ಕಾರ್ಲ್‌ಸನ್ ತುತ್ತತುದಿಯಲ್ಲಿದ್ದಾಗಲೂ ಎರಡನೆಯವರಿಂದ ಅವರಿಗೆ ಅಷ್ಟು ಅಂತರ ಇರಲಿಲ್ಲ. ಹಾಗೆಂದು ಫಿಷರೇ ದೊಡ್ಡವರು ಎಂದು ಕನ್ನಡಕದವರು ಮೇಜು ಕುಟ್ಟಬೇಕಾಗಿಲ್ಲ. ಬೆನ್ನಿಗೆ ಇದ್ದವರು ಹತ್ತಿರ ಇದ್ದರೆ ಅದು ಮುಂದಿದ್ದವನ ತಪ್ಪಲ್ಲ. ಹಿಂದಿನವರು ಚೆನ್ನಾಗಿ ಓಡಿದ್ದಾರೆ, ಅಷ್ಟೆ.

ಸಂಖ್ಯೆ ಬಿಟ್ಟರೆ ಯಂತ್ರ ಉಂಟಲ್ಲ ಎಂದ ಹುಡುಗ. ಅವನ ಮಾತು ಅಸಡ್ಡೆ ಮಾಡುವಂಥದ್ದಲ್ಲ. ಹಾಡುಗಾರರ ಬಗ್ಗೆ, ಅರ್ಥಧಾರಿಗಳ ಬಗ್ಗೆ ನಾವು ಹೀಗೆ ಜಗಳ ಮಾಡುವಾಗ ಕೈಯಲ್ಲಿರುವುದು ಬಹುಮಟ್ಟಿಗೆ ನೆನಪು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಿದವರು ಈಗಿನ ಯಾರನ್ನು ಕೇಳಿದರೂ ತಲೆ ಅಲ್ಲಾಡಿಸುತ್ತಾರೆ. ಕೇಳದವರು ಸುಮ್ಮನಿರಬೇಕಾಗುತ್ತದೆ. ಚೆಸ್ಸಿನಲ್ಲಿ ಹಾಗಲ್ಲ. 1858ರಲ್ಲಿ ಪ್ಯಾರಿಸ್ಸಿನ ನಾಟಕಶಾಲೆಯ ಬಾಕ್ಸಿನಲ್ಲಿ ಕುಳಿತು ಪೌಲ್ ಮಾರ್ಫಿ ಎಂಬ ಅಮೆರಿಕದ ತರುಣ ಒಬ್ಬ ಡ್ಯೂಕ್ ಮತ್ತು ಒಬ್ಬ ಕೌಂಟರ ವಿರುದ್ಧ ಆಡಿದ ಹದಿನೇಳು ನಡೆಗಳು ಹಾಗೆಯೇ ಬರೆದಿಟ್ಟಿವೆ. ನಮ್ಮ ಗೋಟಡಿಕೆ ಇಟ್ಟುಕೊಂಡು ನಾವು ಇವತ್ತು ಆ ಆಟವನ್ನು ಮೊದಲಿಂದ ಕೊನೆವರೆಗೆ ಆಡಬಹುದು. ಸತ್ತವನ ಕೆಲಸ ಇಷ್ಟು ಪೂರ್ತಿಯಾಗಿ ಉಳಿದ ಕಸುಬು ಬೇರೆ ಎಷ್ಟಿವೆ? ಅದಕ್ಕೇ ಅಳೆಯುವ ಆಸೆಯೂ ಹುಟ್ಟುವುದು.

ಅಳೆದವರೂ ಇದ್ದಾರೆ. 2006ರಲ್ಲಿ ಸ್ಲೊವೇನಿಯಾದ ಗ್ವಿಡ್ ಮತ್ತು ಬ್ರಾಟ್ಕೊ ಎಂಬ ಇಬ್ಬರು ವಿಶ್ವಚಾಂಪಿಯನ್ನರ ಆಟಗಳನ್ನು ಒಂದು ಕಂಪ್ಯೂಟರ್ ಪ್ರೋಗ್ರಾಮಿಗೆ ಕೊಟ್ಟು, ಯಾರ ನಡೆ ಯಂತ್ರದ ನಡೆಯಿಂದ ಎಷ್ಟು ದೂರ ಎಂದು ಲೆಕ್ಕ ಮಾಡಿದರು. ಕಡಿಮೆ ತಪ್ಪು ಕಂಡದ್ದು ಕಾಪಾಬ್ಲಾಂಕಾನಲ್ಲಿ, 1921ರಿಂದ 1927ರವರೆಗೆ ಚಾಂಪಿಯನ್ ಆಗಿದ್ದ ಕ್ಯೂಬಾದವರು. ಇದನ್ನು ಹೇಳಿ ನಾನು ಅವತ್ತು ಹುಡುಗನ ಬಾಯಿ ಮುಚ್ಚಿಸಿದೆ. ಮನೆಗೆ ಬಂದು ಯೋಚಿಸಿದಾಗ ಅದೂ ಪೂರ್ತಿ ಸರಿಯಾದ ವಾದ ಅಲ್ಲ ಎಂದು ಕಂಡಿತು. ಕಾಪಾಬ್ಲಾಂಕಾ ಸರಳವಾದ, ತಿಳಿಯಾದ ಸ್ಥಿತಿಗಳಲ್ಲಿ ಆಡಲು ಇಷ್ಟಪಟ್ಟವರು. ತಿಳಿ ನೀರಿನಲ್ಲಿ ಕಾಲು ಜಾರುವುದು ಕಡಿಮೆ. 1960ರಲ್ಲಿ ಬೊಟ್ವಿನಿಕ್‌ರನ್ನು ಸೋಲಿಸಿ ಇಪ್ಪತ್ತಮೂರನೇ ವಯಸ್ಸಿಗೆ ಚಾಂಪಿಯನ್ ಆದ ಮಿಖಾಯಿಲ್ ಟಾಲ್ ಬೇಕೆಂದೇ ಎದುರಾಳಿಯನ್ನು ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು. ಅವರು ಬಿಟ್ಟುಕೊಟ್ಟ ಕುದುರೆ, ಒಂಟೆಗಳಲ್ಲಿ ಹಲವು ಯಂತ್ರದ ಕಣ್ಣಿಗೆ ತಪ್ಪು. ಆದರೆ ಎದುರು ಕುಳಿತದ್ದು ಯಂತ್ರ ಅಲ್ಲ. ಗಡಿಯಾರ ಓಡುತ್ತಿರುವಾಗ, ಮನುಷ್ಯನ ತಲೆಯಲ್ಲಿ ಆ ತಪ್ಪನ್ನು ತೋರಿಸಿಕೊಡುವುದು ಸಾಧ್ಯವೇ ಎಂಬುದನ್ನು ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನನಗೆ ಈ ಇಡೀ ವಿಷಯದಲ್ಲಿ ಕಣ್ಣು ತೆರೆಸಿದ್ದು ಒಂದು ಹಳೇ ಆಟ. 1918, ನ್ಯೂಯಾರ್ಕ್. ಬಿಳಿ ಕಾಪಾಬ್ಲಾಂಕಾ, ಕರಿ ಫ್ರಾಂಕ್ ಮಾರ್ಷಲ್. ಮಾರ್ಷಲ್ ಮನೆಯಲ್ಲಿ ತಯಾರಿ ಮಾಡಿಕೊಂಡು ಬಂದು ಒಂದು ಕಾಲಾಳನ್ನು ಬಿಟ್ಟುಕೊಟ್ಟು ರಾಜನ ಮೇಲೆ ಏರಿಹೋದರು. ಆ ದಾಳಿಗೆ ಈಗಲೂ ಮಾರ್ಷಲ್‌ರದ್ದೇ ಹೆಸರು. ಎದುರಿನವರು ಇದನ್ನು ಮೊದಲೇ ನೋಡಿಟ್ಟಿದ್ದಾರೆ, ತಾನು ಮಾತ್ರ ಈಗ ಮೊದಲ ಸಲ ನೋಡುತ್ತಿದ್ದೇನೆ ಎಂದು ಕಾಪಾಬ್ಲಾಂಕಾಗೆ ಗೊತ್ತಿತ್ತು. ಆದರೂ ಆ ಕಾಲಾಳನ್ನು ತೆಗೆದುಕೊಂಡರು. ಒಂದೊಂದೇ ನಡೆಯನ್ನು ಅಲ್ಲೇ ಹುಡುಕಿ, ದಾಳಿಯನ್ನು ತಡೆದು, ಮೂವತ್ತಾರನೇ ನಡೆಗೆ ಗೆದ್ದರು. ಇವತ್ತು ಆ ರಕ್ಷಣೆ ಎಲ್ಲ ಪುಸ್ತಕದಲ್ಲಿಯೂ ಉಂಟು. ನಮ್ಮ ಹುಡುಗನಿಗೆ ಅದು ಬಾಯಿಪಾಠ. ಒಂದು ನಿಮಿಷದಲ್ಲಿ ಅಷ್ಟೂ ನಡೆ ಇಟ್ಟು ತೋರಿಸಿದ. ಅಂದರೆ ಆ ಸ್ಥಿತಿಯಲ್ಲಿ ಅವನೂ ಕಾಪಾಬ್ಲಾಂಕಾರೂ ಇಡುವುದು ಒಂದೇ ನಡೆ. ಬರೆದಿಟ್ಟ ಕಾಗದದಲ್ಲಿ ವ್ಯತ್ಯಾಸವೇ ಇಲ್ಲ. ಯಂತ್ರ ಇಬ್ಬರಿಗೂ ಒಂದೇ ಅಂಕ ಕೊಡುತ್ತದೆ. ಆದರೆ ಇಬ್ಬರೂ ಮಾಡಿದ್ದು ಒಂದೇ ಕೆಲಸ ಎಂದು ಹೇಳಲು ನನಗೆ ನಾಲಗೆ ಏಳುವುದಿಲ್ಲ. ಒಬ್ಬರು ಹಾದಿ ಕಡಿದದ್ದು, ಇನ್ನೊಬ್ಬ ಹಾದಿಯಲ್ಲಿ ನಡೆದದ್ದು. ನಡೆಗಳು ಉಳಿದಿವೆ, ಆ ನಡೆ ಸಿಗುವ ಮೊದಲು ಇದ್ದ ಕತ್ತಲೆ ಉಳಿದಿಲ್ಲ.

ಆದ್ದರಿಂದ "ಇಬ್ಬರೂ ಈಗ ಕುಳಿತು ಆಡಿದರೆ ಯಾರು ಗೆಲ್ಲುತ್ತಾರೆ" ಎಂಬ ಪ್ರಶ್ನೆಗೆ ಉತ್ತರ ಬಹಳ ಸುಲಭ, ಮತ್ತು ಅದರಿಂದ ಉಪಯೋಗ ಏನೂ ಇಲ್ಲ. ನಂತರ ಬಂದವನು ಗೆಲ್ಲುತ್ತಾನೆ. ಅವನು ಹಿಡಿದ ಕತ್ತಿಯಲ್ಲಿ ಅರ್ಧ ಕಬ್ಬಿಣ ಸೋಲುವವನದ್ದೇ.

ಇಷ್ಟು ಬರೆದ ಮೇಲೆ ನನ್ನ ವಿರುದ್ಧ ನಾನೇ ಎರಡು ಮಾತು ಹೇಳಬೇಕು. ವಯಸ್ಸಾದವರಿಗೆ ಹಳೆಯದಕ್ಕೆಲ್ಲ ಕೈಮುಗಿಯುವ ಚಟ ಇರುತ್ತದೆ, ನನಗೂ ಉಂಟು. ಮಾರ್ಫಿಯ ಆ ನಾಟಕಶಾಲೆಯ ಆಟ ಎಷ್ಟು ಚಂದ ಎಂದರೆ, ಮಕ್ಕಳಿಗೆ ಆಟ ಕಲಿಸುವವರು ಮೊದಲು ತೋರಿಸುವುದು ಅದನ್ನೇ. ಕೊನೆಗೆ ರಾಣಿಯನ್ನೇ ಕೊಟ್ಟು ಆನೆಯಿಂದ ಮಾತು ಮಾಡುವುದು. ಆದರೆ ಎದುರು ಇದ್ದವರು ಶೋಕಿಗೆ ಆಡುವ ದೊಡ್ಡ ಮನುಷ್ಯರು. ಆ ಆಟದಿಂದ ಮಾರ್ಫಿ ದೊಡ್ಡವರು ಎಂದು ಸಿದ್ಧವಾಗುವುದಿಲ್ಲ. ಅದೇ ವರ್ಷ ಯೂರೋಪಿನ ಮೊದಲ ಸಾಲಿನ ಆಂಡರ್ಸನ್‌ರನ್ನು ಏಳು ಗೆಲುವು, ಎರಡು ಸೋಲಿನಲ್ಲಿ ಮುಗಿಸಿದ್ದರಿಂದ ಆಗುತ್ತದೆ. ಇನ್ನೊಂದು, ಈಗಿನವರಿಗೆ ಎಲ್ಲ ಸುಲಭ ಎಂಬುದು ಶುದ್ಧ ಸುಳ್ಳು. ಫೋನು ಎಲ್ಲರ ಕೈಯಲ್ಲಿಯೂ ಉಂಟು. 2018ರಲ್ಲಿ ಲಂಡನ್ನಿನಲ್ಲಿ ಕಾರ್ಲ್‌ಸನ್ ಮತ್ತು ಕರುವಾನಾ ನಡುವಿನ ಪಂದ್ಯದಲ್ಲಿ ದೀರ್ಘ ಅವಧಿಯ ಹನ್ನೆರಡು ಆಟಗಳೂ ಡ್ರಾ. ಇಬ್ಬರಿಗೂ ಅಷ್ಟು ಗೊತ್ತಿತ್ತು. ಎಲ್ಲರಿಗೂ ಎಲ್ಲ ಗೊತ್ತಿರುವಲ್ಲಿ ಕೂದಲೆಳೆಯಷ್ಟು ಮುಂದೆ ಹೋಗುವುದು, ಹತ್ತು ವರ್ಷ ಹಾಗೆ ಉಳಿಯುವುದು ಅದೂ ಒಂದು ಕಾಡೇ.

ನಮ್ಮ ದೇಶದ್ದೇ ನೋಡಿ. ಗುಕೇಶ್ 2024ರಲ್ಲಿ ಹದಿನೆಂಟನೇ ವಯಸ್ಸಿಗೆ ವಿಶ್ವಚಾಂಪಿಯನ್. ವಿಶ್ವನಾಥನ್ ಆನಂದ್ ಮೊದಲ ಸಲ ಚಾಂಪಿಯನ್ ಆದದ್ದು 2000ದಲ್ಲಿ, ಮೂವತ್ತೊಂದು ದಾಟುವಾಗ. ವಯಸ್ಸಿನ ಲೆಕ್ಕದಲ್ಲಿ ಹುಡುಗ ಗೆದ್ದ. ಆದರೆ 1988ರವರೆಗೆ ಭಾರತದಲ್ಲಿ ಒಬ್ಬರೇ ಒಬ್ಬ ಗ್ರ್ಯಾಂಡ್‌ಮಾಸ್ಟರ್ ಇರಲಿಲ್ಲ, ಮೊದಲನೆಯವರು ಆನಂದರೇ. ಗುಕೇಶ್ ಹುಟ್ಟುವಾಗ ಚೆನ್ನೈಯಲ್ಲಿ ಆನಂದ್ ಇದ್ದರು, ಆನಂದ್ ಹುಟ್ಟುವಾಗ ಯಾರು ಇದ್ದರು? ಹಾಗೆಂದು ಗುಕೇಶರ ಗೆಲುವಿನಿಂದ ಒಂದು ಗುಲಗಂಜಿ ತೂಕ ತೆಗೆಯಲಿಕ್ಕೂ ನಾನು ತಯಾರಿಲ್ಲ.

ಈಗ ನನ್ನನ್ನು ನಿಜವಾಗಿ ಕಾಡಿದ ಮನುಷ್ಯನ ವಿಷಯಕ್ಕೆ ಬರುತ್ತೇನೆ. ದೊಡ್ಡ ಆಟಗಾರರ ಪಟ್ಟಿ ಮಾಡುವವರು ಈ ಹೆಸರು ಬರೆಯುವುದು ಕಡಿಮೆ. ಮೀರ್ ಸುಲ್ತಾನ್ ಖಾನ್. ಪಂಜಾಬಿನವರು, ಸರ್ ಉಮರ್ ಹಯಾತ್ ಖಾನ್ ಎಂಬ ದೊಡ್ಡ ಜಮೀನ್ದಾರರ ಆಶ್ರಯದಲ್ಲಿದ್ದವರು. ಕಲಿತದ್ದು ನಮ್ಮ ಪೋಸ್ಟಣ್ಣನ ಮಾವನ ಹಾಗೆ ನಾಡಿನ ಆಟ, ಕಾಲಾಳು ಒಂದೇ ಮನೆ ಹೋಗುವಂಥದ್ದು. ಯೂರೋಪಿನ ನಿಯಮ ಕಲಿತದ್ದು ಇಪ್ಪತ್ತು ದಾಟಿದ ಮೇಲೆ. 1928ರಲ್ಲಿ ಅಖಿಲ ಭಾರತ ಚಾಂಪಿಯನ್. ಮರುವರ್ಷ ಆ ಧಣಿಗಳ ಜೊತೆ ಲಂಡನ್ನಿಗೆ ಹೋದವರು ಅದೇ ವರ್ಷ ಬ್ರಿಟಿಷ್ ಚಾಂಪಿಯನ್ ಆದರು. 1932ರಲ್ಲಿ ಮತ್ತೊಮ್ಮೆ, 1933ರಲ್ಲಿ ಮಗದೊಮ್ಮೆ. 1930ರ ಕೊನೆಗೆ ಶುರುವಾದ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಕಾಪಾಬ್ಲಾಂಕಾರನ್ನೇ ಸೋಲಿಸಿದರು. ನಾನು ದೊಡ್ಡವರು ಎಂದೆನಲ್ಲ, 1916ರಿಂದ 1924ರವರೆಗೆ ಒಂದೇ ಒಂದು ಆಟ ಸೋಲದಿದ್ದವರು, ಅವರನ್ನು. 1931ರಲ್ಲಿ ಟಾರ್ಟಕೋವರ್ ಎಂಬ ಹೆಸರಾಂತ ಆಟಗಾರರನ್ನು ಪಂದ್ಯದಲ್ಲಿ ಗೆದ್ದರು. ಒಲಿಂಪಿಯಾಡಿನಲ್ಲಿ ಇಂಗ್ಲೆಂಡಿನ ಮೊದಲ ಬೋರ್ಡಿನಲ್ಲಿ ಕುಳಿತದ್ದು ಇವರೇ. 1933ರ ಕೊನೆಗೆ ಧಣಿಗಳು ಊರಿಗೆ ಹೊರಟರು, ಇವರೂ ಹೊರಟರು. ಅಲ್ಲಿಗೆ ಮುಗಿಯಿತು, ಐದು ವರ್ಷವೂ ತುಂಬಲಿಲ್ಲ. ಆಮೇಲೆ ಅಂತಾರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಅವರ ಹೆಸರಿಲ್ಲ. 1966ರಲ್ಲಿ ಪಾಕಿಸ್ತಾನದಲ್ಲಿ ತೀರಿಕೊಂಡರು.

1950ರಲ್ಲಿ ಒಕ್ಕೂಟ ಮೊದಲ ಸಲ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟಾಗ ಪಟ್ಟಿಯಲ್ಲಿ ಟಾರ್ಟಕೋವರ್ ಇದ್ದರು. ಅವರನ್ನು ಗೆದ್ದವರು ಇರಲಿಲ್ಲ. ಇವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಎಂದು ಕೊಟ್ಟದ್ದು 2024ರಲ್ಲಿ, ಸತ್ತು ಐವತ್ತೆಂಟು ವರ್ಷದ ಮೇಲೆ. ಅದೇ ಮನೆಯವರ ಜೊತೆ ಹೋಗಿದ್ದ ಫಾತಿಮಾ ಎಂಬ ಹೆಣ್ಣುಮಗಳು 1933ರಲ್ಲಿ ಬ್ರಿಟನ್ನಿನ ಮಹಿಳಾ ಚಾಂಪಿಯನ್ ಆದರು. ಆಕೆಯನ್ನು ಯಾವ ಪಟ್ಟಿಯಲ್ಲಿ ಹುಡುಕುವುದು? ಒಂದು ಗೆಲುವು, ಮತ್ತೆ ವಾಪಸು ಹಡಗು.

ಇವರ ಕಥೆ ಹೇಳುವವರೆಲ್ಲ ಕೊನೆಗೆ ಒಂದು ಮಾತು ಸೇರಿಸುತ್ತಾರೆ: ಅವಕಾಶ ಸಿಕ್ಕಿದ್ದರೆ ವಿಶ್ವಚಾಂಪಿಯನ್ ಆಗುತ್ತಿದ್ದರೋ ಏನೋ. ನಾನೂ ಎಷ್ಟೋ ಸಲ ಸೇರಿಸಿದ್ದೇನೆ. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಆದರೆ ಅದರಲ್ಲಿ ಒಂದು ಕುತ್ತು ಉಂಟು ಎಂದು ನನಗೆ ಈಗ ತೋರುತ್ತದೆ. ಆಗದೇ ಹೋದದ್ದನ್ನು ಕೈಯೆತ್ತಿ ಕೊಡುವಾಗ ನಾವು ಆದದ್ದನ್ನು ಸಣ್ಣದು ಮಾಡುತ್ತೇವೆ. ಕಾಪಾಬ್ಲಾಂಕಾ ಎದುರಿನ ಆ ಗೆಲುವಿಗೆ "ಆಗಬಹುದಿತ್ತು" ಎಂಬ ಊರುಗೋಲು ಬೇಡ. ಅದು ಆಗಿ ಹೋಗಿದೆ, ನಡೆನಡೆಯೂ ಬರೆದಿಟ್ಟಿದೆ. ಅವಕಾಶ ತಪ್ಪಿಸಿದ್ದು ಅನ್ಯಾಯ, ಅದನ್ನು ಅನ್ಯಾಯ ಎಂದೇ ಹೇಳಬೇಕು. ಅದಕ್ಕೆ ಪರಿಹಾರವಾಗಿ ಒಂದು ಕಲ್ಪನೆಯ ಕಿರೀಟ ತೊಡಿಸಿದರೆ ಅನ್ಯಾಯ ಮಾಡಿದವರಿಗೆ ಸುಲಭ, ಸತ್ತವರಿಗೆ ಏನು ಸಿಕ್ಕಿತು?

ಇದು ನನಗೆ ಪುಸ್ತಕ ಓದಿ ಹೊಳೆದದ್ದಲ್ಲ. ಅವತ್ತು ಸಂಜೆ ಎಲ್ಲರೂ ಎದ್ದು ಹೋದ ಮೇಲೆ, ನಕ್ಕದ್ದು ಮನಸ್ಸಿಗೆ ಚುಚ್ಚುತ್ತಿತ್ತು. ಪೋಸ್ಟಣ್ಣನಿಗೆ ಸಮಾಧಾನ ಹೇಳುವ ಎಂದು ಹತ್ತಿರ ಕುಳಿತೆ. "ನಿಮ್ಮ ಪ್ರಾಯದಲ್ಲಿ ಈ ಫೋನೆಲ್ಲ ಇದ್ದಿದ್ದರೆ ನೀವು ಎಲ್ಲಿಗೋ ಮುಟ್ಟುತ್ತಿದ್ದಿರಿ ಪೋಸ್ಟಣ್ಣ" ಎಂದೆ.

ಅವರು ತಲೆ ಎತ್ತಿ ನೋಡಿದರು. ಅಷ್ಟು ವರ್ಷದಲ್ಲಿ ನನ್ನ ಮೇಲೆ ಅವರಿಗೆ ಸಿಟ್ಟು ಬಂದದ್ದು ಅದೊಂದೇ ಸಲ.

"ಇರ್ಲಿಲ್ಲ ಅಲ್ವಾ ಮಾಷ್ಟ್ರೆ. ಇದ್ದದ್ದರಲ್ಲಿ ಆಡಿದ್ದೇನೆ. ಸುಮಾರು ಚೆನ್ನಾಗಿಯೇ ಆಡಿದ್ದೇನೆ. ಇವತ್ತು ಸೋತದ್ದು ಸೋತದ್ದೇ. ಅದಕ್ಕೆ ನೀವು ಮುಲಾಮು ಹಚ್ಚುವುದು ಬೇಡ."

ಹೀಗೆ ಹೇಳಿ, ಮಳೆ ಬಿಡಲಿ ಎಂದು ಜಗಲಿಯಲ್ಲಿ ನಿಂತಿದ್ದ ಹುಡುಗನನ್ನು ಕರೆದರು. "ಇಲ್ಲಿ ಬಾ ಮಗ. ಆ ಒಂಟೆ ಅಲ್ಲಿಗೆ ಹೋದದ್ದು ತಪ್ಪು ಅಂದಿಯಲ್ಲ, ಯಾಕೆ ತಪ್ಪು?"

"ಕಂಪ್ಯೂಟರಿನಲ್ಲಿ ಮೈನಸ್ ತೋರಿಸ್ತದೆ ಅಜ್ಜ."

"ಅದು ತೋರಿಸ್ಲಿ. ಯಾಕೆ?"

ಹುಡುಗ ಬಾಯಿ ತೆರೆದ, ಮುಚ್ಚಿದ. ಇಬ್ಬರೂ ಸೇರಿ ಆಟವನ್ನು ಒಂಬತ್ತನೇ ನಡೆಯವರೆಗೆ ಹಿಂದೆ ತಂದು ಒಂಟೆಯನ್ನು ಮತ್ತೆ ಅಲ್ಲಿಟ್ಟರು. ಹುಡುಗ ಫೋನು ತೆಗೆಯಲು ಹೊರಟವನು ಮತ್ತೆ ಕಿಸೆಗೇ ಹಾಕಿಕೊಂಡ. ಪೋಸ್ಟಣ್ಣ ಗೋಟಡಿಕೆಯನ್ನು ಒಂದು ಮನೆ ಈಚೆಗೆ ಸರಿಸಿದರು. ಹುಡುಗ ಬೇಡ ಬೇಡ ಎಂದು ಅದನ್ನು ಹಿಂದಕ್ಕಿಟ್ಟು ಕುದುರೆ ಹಾರಿಸಿದ. ಕರೆಂಟು ಹೋಯಿತು, ಮೇಣದ ಬತ್ತಿ ಹಚ್ಚಿ ಕೊಟ್ಟೆ. ಬಾಗಿಲು ಹಾಕುವ ಹೊತ್ತಾದರೂ ಇಬ್ಬರಿಗೂ ಯಾಕೆ ಎಂದು ಸಿಕ್ಕಿರಲಿಲ್ಲ. ಕಾಯಿ ತೆಗೆಯಬೇಡಿ, ನಾಳೆ ನೋಡುವ ಎಂದರು. ಮರುದಿನ ಬೆಳಿಗ್ಗೆ ಪೇಪರಿಗೆ ಬಂದವರು ಬೋರ್ಡಿಗೆ ಕೈ ತಾಗದ ಹಾಗೆ ಪೇಪರನ್ನು ನಾಲ್ಕು ಮಡಿಕೆ ಮಾಡಿಕೊಂಡು ಓದಿದರು.